ಶಿಕ್ಷಕರ ಕೊಠಡಿಯ ಕ್ಷೇಮಸಮಾಚಾರ

(ಶಾಲಾ ಶತಮಾನೋತ್ಸವದ ಅಂಗವಾಗಿ ಜರಗಿದ ಗುರುವಂದನಾ ಸಭೆಯಲ್ಲಿ ಮುಖ್ಯೋಪಾಧ್ಯಾಯಿನಿಯವರು ಮಾಡಿದ ಭಾಷಣ)



ಐದನೆಯ ತರಗತಿಯ ಮಕ್ಕಳಿಗೆ ಪತ್ರಲೇಖನವನ್ನು ಕಲಿಸುವಾಗ ನಾವು ಮೊದಲು ಹೇಳಿಕೊಡುವುದು ಕ್ಷೇಮಸಮಾಚಾರದ ವಾಕ್ಯವನ್ನು. ನಾವು ಇಲ್ಲಿ ಕ್ಷೇಮ, ತಮ್ಮ ಕ್ಷೇಮವನ್ನು ತಿಳಿಯಪಡಿಸಬೇಕು ಎಂದು ಬರೆದ ಬಳಿಕವೇ ಉಳಿದ ವಿಷಯ. ಅಂಚೆಯಣ್ಣನ ಕಾಲ ಮುಗಿದು ಮೊಬೈಲಿನ ಕಾಲ ಬಂದರೂ ಆ ವಾಕ್ಯವನ್ನು ನಾವು ಬಿಟ್ಟಿಲ್ಲ. ಈ ಶಾಲೆಯ ಕರಿಹಲಗೆಯ ಮೇಲೆ ಅದು ಎಷ್ಟು ಸಾವಿರ ಸಲ ಬರೆಯಲ್ಪಟ್ಟಿದೆಯೋ ಲೆಕ್ಕವಿಟ್ಟವರಿಲ್ಲ. ಆದರೆ ಅದನ್ನು ಬರೆಸುವ ಶಿಕ್ಷಕರು ಕ್ಷೇಮವಾಗಿರುವರೇ ಎಂದು ಕೇಳಿದ ಸಂದರ್ಭಗಳನ್ನು ಮಾತ್ರ ಬೆರಳಿನಲ್ಲಿ ಎಣಿಸಬಹುದು. ಇಂದು ಆ ವಿಷಯವನ್ನೇ ತಮ್ಮ ಮುಂದೆ ಅರಿಕೆ ಮಾಡಿಕೊಳ್ಳಬೇಕೆಂದು ನಾವು ನಿಶ್ಚಯಿಸಿದ್ದೇವೆ.

ಗುರುವಂದನೆಯ ದಿನ ಗುರುಗಳ ಮಹಿಮೆಯನ್ನು ಹೇಳುವುದು ವಾಡಿಕೆ. ಅದನ್ನು ಹೇಳಲು ಇಲ್ಲಿ ನಮಗಿಂತ ಸಮರ್ಥರು ಇದ್ದಾರೆ. ನಮ್ಮದು ಒಂದು ಸಣ್ಣ ವರದಿ. ಇದರಲ್ಲಿ ‘ನಾವು’ ಎಂದು ಬಂದಲ್ಲೆಲ್ಲ ಅದು ಈ ಶಾಲೆಯ ಶಿಕ್ಷಕರ ಕೊಠಡಿಯಲ್ಲಿ ಕುಳಿತುಕೊಳ್ಳುವ ನಾವೆಲ್ಲರೂ ಎಂದು ತಿಳಿಯಬೇಕು. ತಪ್ಪುಗಳನ್ನು ಹೇಳುವಾಗ ಮಾತ್ರ ಆ ‘ನಾವು’ ಎಂಬುದರಲ್ಲಿ ಮುಖ್ಯೋಪಾಧ್ಯಾಯಿನಿಯ ಪಾಲು ದೊಡ್ಡದೆಂದು ಭಾವಿಸಬೇಕಾಗಿ ವಿನಂತಿ.

ಈ ಶಾಲೆ ಆರಂಭವಾದಾಗ ಕಾಸರಗೋಡು ಮದ್ರಾಸ್ ಆಧಿಪತ್ಯಕ್ಕೆ ಸೇರಿದ ದಕ್ಷಿಣ ಕನ್ನಡ ಜಿಲ್ಲೆಯ ಒಂದು ತಾಲೂಕಾಗಿತ್ತು. 1956ರ ನವೆಂಬರ್ 1ರಂದು ಅದು ಕೇರಳ ರಾಜ್ಯಕ್ಕೆ ಸೇರಿತು. 1984ರಲ್ಲಿ ಪ್ರತ್ಯೇಕ ಜಿಲ್ಲೆಯಾಯಿತು. ಆಡಳಿತದ ಭಾಷೆ ಬದಲಾಯಿತು, ಪಠ್ಯಕ್ರಮ ಬದಲಾಯಿತು, ಮೇಲಧಿಕಾರಿಗಳ ಕಚೇರಿ ಮಂಗಳೂರಿನಿಂದ ಬೇರೆಡೆಗೆ ಹೋಯಿತು. ಈ ಎಲ್ಲ ಬದಲಾವಣೆಗಳ ನಡುವೆಯೂ ಬೆಳಗ್ಗೆ ಗಂಟೆ ಬಾರಿಸಿದಾಗ ತರಗತಿಯೊಳಗೆ ಹೋಗಿ ನಿಂತವರು ಶಿಕ್ಷಕರು. ಇಂದು ಇಲ್ಲಿ ಶಾಲು ಹೊದ್ದುಕೊಳ್ಳಲಿರುವ ಹಿರಿಯರಲ್ಲಿ ಕೆಲವರು ಮಳೆಗಾಲದಲ್ಲಿ ತೋಡು ದಾಟಿ, ಸೀರೆಯ ಅಂಚನ್ನು ಹಿಂಡಿಕೊಂಡು ಹಾಜರಿ ಪುಸ್ತಕಕ್ಕೆ ಸಹಿ ಹಾಕಿದವರು. ಅವರ ದಣಿವು ನಮಗಿಂತ ಕಡಿಮೆಯಾಗಿತ್ತೆಂದು ಹೇಳುವ ಧೈರ್ಯ ನಮಗಿಲ್ಲ. ಆದರೆ ದಣಿವಿನ ಬಗೆ ಬೇರೆಯಾಗಿದೆ ಎಂದು ಮಾತ್ರ ಹೇಳಬಲ್ಲೆವು.

ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಅಂಗೀಕರಿಸಿದ ರೋಗಗಳ ಅಂತಾರಾಷ್ಟ್ರೀಯ ವರ್ಗೀಕರಣದಲ್ಲಿ ವೃತ್ತಿಯಿಂದ ಉಂಟಾಗುವ ಈ ಬಗೆಯ ಬಳಲಿಕೆಯನ್ನು ವಿವರಿಸಿದೆ. ಅದನ್ನು ಕಾಯಿಲೆ ಎಂದು ಕರೆಯದೆ, ಕೆಲಸದ ಸ್ಥಳದ ಒತ್ತಡವನ್ನು ಬಹುಕಾಲ ಸರಿಯಾಗಿ ನಿಭಾಯಿಸದೆ ಹೋದುದರ ಪರಿಣಾಮ ಎಂದಿದೆ. ಅದಕ್ಕೆ ಮೂರು ಲಕ್ಷಣಗಳು: ಮೊದಲನೆಯದು ಶಕ್ತಿಯೆಲ್ಲ ಬತ್ತಿದಂತಾಗುವುದು, ಎರಡನೆಯದು ಕೆಲಸದಿಂದ ಮನಸ್ಸು ದೂರವಾಗಿ ತಿರಸ್ಕಾರ ಮೂಡುವುದು, ಮೂರನೆಯದು ತನ್ನಿಂದ ಏನೂ ಆಗುತ್ತಿಲ್ಲವೆಂಬ ಭಾವನೆ. ಮೊದಲನೆಯದಕ್ಕೆ ಮಧ್ಯಾವಧಿ ರಜೆ ಸಾಕು. ಎರಡನೆಯದು ಮತ್ತು ಮೂರನೆಯದು ರಜೆಯಿಂದ ವಾಸಿಯಾಗುವಂಥವಲ್ಲ. ರಜೆ ಮುಗಿಸಿ ಬಂದ ಶಿಕ್ಷಕಿಯೊಬ್ಬರು ಗೇಟಿನ ಬಳಿ ಒಂದು ನಿಮಿಷ ಸುಮ್ಮನೆ ನಿಂತು ಆಮೇಲೆ ಒಳಗೆ ಬರುವುದನ್ನು ನಾವು ಕಂಡಿದ್ದೇವೆ. ಆ ಒಂದು ನಿಮಿಷದಲ್ಲಿ ಅವರು ಏನನ್ನು ಒಟ್ಟುಗೂಡಿಸಿಕೊಳ್ಳುತ್ತಿದ್ದರೆಂಬುದು ಆ ದಿನ ನಮಗೆ ಅರ್ಥವಾಗಿರಲಿಲ್ಲ.

ನಮ್ಮಂತಹ ಶಾಲೆಗಳಲ್ಲಿ ಈ ಬಳಲಿಕೆಗೆ ಕೆಲವು ವಿಶೇಷ ಕಾರಣಗಳಿವೆ. ಹೆತ್ತವರಿಗೆ ಅವು ಹೊರಗಿನಿಂದ ಕಾಣುವುದಿಲ್ಲವಾದ್ದರಿಂದ ಬಿಡಿಸಿ ಹೇಳುತ್ತೇವೆ.

ಮೊದಲನೆಯದು ಜೂನ್ ತಿಂಗಳು. ಕೇರಳದಲ್ಲಿ ಶಾಲೆ ತೆರೆದು ಆರನೆಯ ಅಧ್ಯಯನ ದಿನದಂದು ಮಕ್ಕಳ ತಲೆಯೆಣಿಕೆ ನಡೆಯುತ್ತದೆ. ಆ ಎಣಿಕೆಯ ಆಧಾರದಲ್ಲಿ ಆ ವರ್ಷ ಎಷ್ಟು ಡಿವಿಜನ್, ಎಷ್ಟು ಶಿಕ್ಷಕ ಹುದ್ದೆ ಎಂಬುದು ನಿರ್ಧಾರವಾಗುತ್ತದೆ. 2009ರ ಶಿಕ್ಷಣ ಹಕ್ಕು ಕಾಯಿದೆಯು ಐದನೆಯ ತರಗತಿಯ ತನಕ 30 ಮಕ್ಕಳಿಗೆ ಒಬ್ಬರು, ಆರರಿಂದ ಎಂಟರ ತನಕ 35 ಮಕ್ಕಳಿಗೆ ಒಬ್ಬರು ಶಿಕ್ಷಕರಿರಬೇಕೆಂದು ಹೇಳಿದುದು ಮಕ್ಕಳ ಒಳಿತಿಗಾಗಿ. ಆದರೆ ಮಕ್ಕಳು ಕಡಿಮೆಯಾಗುತ್ತಿರುವ ಊರಿನಲ್ಲಿ ಅದೇ ಲೆಕ್ಕ ತಿರುವುಮುರುವಾಗಿ ಶಿಕ್ಷಕರ ತಲೆಯ ಮೇಲೆ ತೂಗುತ್ತದೆ. ಒಂದು ಮನೆಯವರು ಮಗುವನ್ನು ಬೇರೆ ಶಾಲೆಗೆ ಸೇರಿಸಿದರೆ ಇಲ್ಲಿ ಒಂದು ಹುದ್ದೆ ಅಲುಗಾಡುತ್ತದೆ. ಎಪ್ರಿಲ್, ಮೇ ತಿಂಗಳ ಬಿಸಿಲಲ್ಲಿ ನಾವು ಮನೆಮನೆಗೆ ಹೋಗುವುದನ್ನು ತಾವು ಕಂಡಿದ್ದೀರಿ. ತಾವು ನೀಡಿದ ಬೆಲ್ಲ ನೀರಿನ ಋಣವನ್ನು ಮರೆತಿಲ್ಲ. ಆದರೆ ಅಂಗಳದಲ್ಲಿ ಆಡುತ್ತಿರುವ ಮಗುವನ್ನು ಕಂಡಾಗ ‘ಇದಕ್ಕೆ ಏನು ಇಷ್ಟವಿರಬಹುದು’ ಎಂದು ಯೋಚಿಸಬೇಕಾದ ಮನಸ್ಸು ‘ಇದು ಇಪ್ಪತ್ತೊಂಬತ್ತನೆಯದೋ ಮೂವತ್ತನೆಯದೋ’ ಎಂದು ಎಣಿಸತೊಡಗುತ್ತದೆ. ಈ ಎಣಿಕೆ ನಮ್ಮೊಳಗೆ ಹೊಕ್ಕಿದೆ ಎಂಬುದನ್ನು ಒಪ್ಪಿಕೊಳ್ಳಲು ನಾಚಿಕೆಯಾಗುತ್ತದೆ. ಮಕ್ಕಳು ಕಡಿಮೆಯಿರುವ ಶಾಲೆಗಳಿಗೆ ಕಡತಗಳಲ್ಲಿ ‘ಅನಾದಾಯಕ’ ಎಂಬ ಒಂದು ವಿಶೇಷಣವಿದೆ. ಅಂಗಡಿಗೆ ಒಪ್ಪುವ ಆ ಪದವನ್ನು ತನ್ನ ಶಾಲೆಯ ಹೆಸರಿನ ಮುಂದೆ ಓದಿದ ಶಿಕ್ಷಕನಿಗೆ ಪಾಠ ಟಿಪ್ಪಣಿ ಬರೆಯುವ ಉತ್ಸಾಹ ಎಲ್ಲಿಂದ ಬರಬೇಕು?

ಎರಡನೆಯದು ಭಾಷೆಗೆ ಸಂಬಂಧಿಸಿದ ಅಗೋಚರವಾದ ದುಡಿಮೆ. ಇಲಾಖೆಯ ಸುತ್ತೋಲೆಗಳು, ತರಬೇತಿಗಳು ಮಲೆಯಾಳದಲ್ಲಿರುತ್ತವೆ. ಅದು ಈ ರಾಜ್ಯದ ಭಾಷೆ. ಅದನ್ನು ಕಲಿತುದರಿಂದ ನಮಗೆ ಲಾಭವೇ ಆಗಿದೆ, ಅದರ ಸಾಹಿತ್ಯದ ಸವಿಯನ್ನೂ ನಮ್ಮಲ್ಲಿ ಹಲವರು ಬಲ್ಲರು. ಆದರೆ ತರಬೇತಿಯಲ್ಲಿ ಕೇಳಿದ್ದನ್ನು ರಾತ್ರಿ ಮನೆಯಲ್ಲಿ ಕನ್ನಡಕ್ಕೆ ತಂದು, ಪಾರಿಭಾಷಿಕ ಪದಗಳನ್ನು ಹುಡುಕಿ, ಮರುದಿನ ತರಗತಿಗೆ ಒಯ್ಯುವ ಕೆಲಸ ಯಾವ ವೇಳಾಪಟ್ಟಿಯಲ್ಲಿಯೂ ಇಲ್ಲ. ಇನ್ನು ತರಗತಿಯ ಒಳಗೆ ನೋಡಿದರೆ, ಕನ್ನಡ ಮಾಧ್ಯಮವೆಂದು ಹೆಸರಾದರೂ ಮನೆಯಲ್ಲಿ ಕನ್ನಡವನ್ನೇ ಆಡುವ ಮಕ್ಕಳು ಕೆಲವರು ಮಾತ್ರ. ತುಳು, ಬ್ಯಾರಿ, ಕೊಂಕಣಿ, ಮಲೆಯಾಳ, ಮರಾಠಿ, ಹವ್ಯಕರ ಕನ್ನಡ ಎಲ್ಲವೂ ಒಂದೇ ಬೆಂಚಿನಲ್ಲಿ ಕುಳಿತಿರುತ್ತವೆ. ಒಂದನೆಯ ತರಗತಿಯ ಶಿಕ್ಷಕಿ ‘ನೀರು ಬೇಕೇ’ ಎಂಬುದನ್ನು ನಾಲ್ಕು ಭಾಷೆಗಳಲ್ಲಿ ಕೇಳಬಲ್ಲವರಾಗಿರಬೇಕು. ಹಾಗೆ ಕೇಳುತ್ತಾರೆ ಕೂಡ.

ಮೂರನೆಯದನ್ನು ಹೇಳಲು ಸ್ವಲ್ಪ ಕಷ್ಟವಾಗುತ್ತದೆ. ನಮ್ಮಲ್ಲಿಯೂ ಕೆಲವರ ಮಕ್ಕಳು ಆಂಗ್ಲ ಮಾಧ್ಯಮದಲ್ಲಿ ಓದಿದ್ದಾರೆ. ಇದು ಊರಿಗೆಲ್ಲ ಗೊತ್ತಿರುವ ಸಂಗತಿ. ಮನೆಭೇಟಿಗೆ ಹೋದಾಗ ಕೆಲವರು ಅದನ್ನು ಮುಖಕ್ಕೆ ಹೇಳಿದ್ದೂ ಉಂಟು. ಅವರಲ್ಲಿ ನಾವು ಕೋಪಿಸಿಕೊಳ್ಳುವಂತಿಲ್ಲ. ಮನೆಯಲ್ಲಿ ಹಿರಿಯರ ಒತ್ತಡ, ಮುಂದೆ ಉದ್ಯೋಗದ ಚಿಂತೆ, ವರ್ಗಾವಣೆಯಾಗುವ ಸಂಗಾತಿಯ ಕೆಲಸ ಹೀಗೆ ಒಬ್ಬೊಬ್ಬರಿಗೆ ಒಂದೊಂದು ಕಾರಣವಿತ್ತು. ಆದರೆ ತಾನು ಕಲಿಸುವುದರಲ್ಲಿ ತನಗೇ ಪೂರ್ಣ ವಿಶ್ವಾಸವಿಲ್ಲವೇ ಎಂಬ ಮುಳ್ಳು ಅಂತಹ ಶಿಕ್ಷಕರ ಮನಸ್ಸಿನಲ್ಲಿ ಉಳಿಯುತ್ತದೆ. ವರ್ಷಗಟ್ಟಲೆ ಯಾರೊಡನೆಯೂ ಹೇಳದೆ ಇರುವುದರಿಂದ ಅದು ಕೀವಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಹೇಳಿದ ಎರಡನೆಯ ಲಕ್ಷಣಕ್ಕೆ ನಮ್ಮಲ್ಲಿ ಇದೂ ಒಂದು ದಾರಿ.

ಇವೆಲ್ಲವನ್ನೂ ಇಂದು ಕ್ರಮವಾಗಿ ಹೇಳುತ್ತಿದ್ದೇವಾದರೂ ಇವು ನಮಗೆ ಹೊಳೆದುದು ತಡವಾಗಿ. ಹೊಳೆಯಿಸಿದುದು ಒಂದು ಲೋಟ ಚಹಾ.

ಕೆಲವು ವರ್ಷಗಳ ಹಿಂದೆ ನಮ್ಮಲ್ಲಿಗೆ ಒಬ್ಬ ತರುಣ ಶಿಕ್ಷಕರು ಬಂದರು. ಅನುದಾನಿತ ಶಾಲೆಯಲ್ಲಿ ವ್ಯವಸ್ಥಾಪಕರು ನೇಮಕ ಮಾಡಿದರೂ ಅದಕ್ಕೆ ಅಂಗೀಕಾರ ದೊರೆತ ಮೇಲೆಯೇ ಸರಕಾರದಿಂದ ಸಂಬಳ ಬರುವುದೆಂಬುದು ತಮಗೆ ತಿಳಿದಿದೆ. ಅವರ ಕಡತ ಒಂದಲ್ಲ ಒಂದು ಆಕ್ಷೇಪದ ಮೇಲೆ ಹಿಂದಕ್ಕೆ ಮುಂದಕ್ಕೆ ಹೋಗುತ್ತಿತ್ತು. ಅವರು ದಿನವೂ ಬರುತ್ತಿದ್ದರು, ಗಣಿತ ಕಲಿಸುತ್ತಿದ್ದರು, ಕಲೋತ್ಸವಕ್ಕೆ ಮಕ್ಕಳ ಯಕ್ಷಗಾನ ತಂಡವನ್ನು ಸಜ್ಜುಗೊಳಿಸುತ್ತಿದ್ದರು. ಹನ್ನೊಂದೂವರೆಯ ವಿರಾಮದಲ್ಲಿ ನಾವೆಲ್ಲರೂ ಚಹಾ ಕುಡಿಯುವಾಗ ಅವರು ಮಾತ್ರ ‘ನನಗೆ ಎಸಿಡಿಟಿ, ಬೇಡ ಟೀಚರ್’ ಎಂದು ತರಗತಿಯಲ್ಲಿಯೇ ಉಳಿಯುತ್ತಿದ್ದರು. ನಾವು ಅದನ್ನು ನಂಬಿದೆವು. ಜೀರಿಗೆ ನೀರು ಕುಡಿಯಿರಿ ಎಂದು ಸಲಹೆಯನ್ನೂ ಕೊಟ್ಟೆವು.

ಶಿಕ್ಷಕರ ಕೊಠಡಿಯ ಕಪಾಟಿನಲ್ಲಿ ಒಂದು ಚಹಾ ಪುಸ್ತಕವಿತ್ತು. ಪ್ರತಿ ತಿಂಗಳು ಯಾರು ಎಷ್ಟು ಕೊಟ್ಟರೆಂದು ಹೆಸರಿನ ಎದುರು ಬರೆಯುವ ಪುಸ್ತಕ. ಅವರು ಬಂದ ಮೊದಲ ಎರಡು ತಿಂಗಳು ಅವರ ಹೆಸರಿನ ಎದುರು ಹಣ ಬರೆದಿತ್ತು. ಮೂರನೆಯ ತಿಂಗಳಿನಿಂದ ಅವರ ಎಸಿಡಿಟಿ ಆರಂಭವಾಗಿತ್ತು. ಈ ಎರಡನ್ನು ಒಂದಕ್ಕೊಂದು ಜೋಡಿಸಿ ನೋಡಲು ನಮಗೆ ಒಂದು ವರ್ಷಕ್ಕಿಂತ ಹೆಚ್ಚು ಕಾಲ ಬೇಕಾಯಿತು. ಮಕ್ಕಳ ಉತ್ತರ ಪತ್ರಿಕೆಯಲ್ಲಿ ಒಂದು ಸೊನ್ನೆ ತಪ್ಪಿದ್ದರೂ ಕಂಡುಹಿಡಿಯುವ ನಾವು, ಒಂದೇ ಮೇಜಿನ ಎದುರು ಕುಳಿತವರ ಲೋಟ ಖಾಲಿಯಿದ್ದುದನ್ನು ಕಾಣಲಿಲ್ಲ.

ಅವರು ನಮ್ಮಲ್ಲಿ ಮೂರು ವರ್ಷ ದುಡಿದರು. ಆಮೇಲೆ ಗಡಿಯ ಆಚೆ ಅಡಿಕೆ ವ್ಯಾಪಾರಿಯೊಬ್ಬರಲ್ಲಿ ಲೆಕ್ಕ ಬರೆಯುವ ಕೆಲಸಕ್ಕೆ ಸೇರಿದರು. ಬೀಳ್ಕೊಡುವ ದಿನ ಅವರು ಯಾರ ಮೇಲೂ ದೂರು ಹೇಳಲಿಲ್ಲ. ಏಳನೆಯ ತರಗತಿಯವರಿಗೆ ಭಿನ್ನರಾಶಿಯ ಎರಡು ಪಾಠಗಳು ಬಾಕಿ ಇವೆ ಎಂದು ಒಂದು ಹಾಳೆಯಲ್ಲಿ ಬರೆದುಕೊಟ್ಟು ಹೋದರು. ಆ ಹಾಳೆ ಇಂದಿಗೂ ನಮ್ಮ ಮೇಜಿನ ಖಾನೆಯಲ್ಲಿದೆ.

ಅವರು ಹೋದ ವಾರ ನಾವು ಆ ಚಹಾ ಪುಸ್ತಕವನ್ನು ಮುಚ್ಚಿದೆವು. ಅದರ ಬದಲಿಗೆ ಒಂದು ಡಬ್ಬಿ ಇಟ್ಟೆವು. ಕೊಡಬಲ್ಲವರು ಕೊಡುತ್ತಾರೆ, ಯಾರು ಎಷ್ಟು ಹಾಕಿದರೆಂದು ಬರೆಯುವ ಪದ್ಧತಿಯಿಲ್ಲ. ಚಹಾಕ್ಕೆ ಎಂದೂ ಕೊರತೆಯಾಗಿಲ್ಲ. ಬಿಸಿಯೂಟದ ಅಡುಗೆಯವರೂ ಈಗ ಅದೇ ಮೇಜಿನಲ್ಲಿ ಚಹಾ ಕುಡಿಯುತ್ತಾರೆ.

ನಮ್ಮ ಗುಡ್ಡಗಳ ಮುರಕಲ್ಲನ್ನು ಅಡ್ಡಲಾಗಿ ಕೊರೆದು ನೀರು ತರುವ ಸುರಂಗಗಳನ್ನು ತಾವು ಬಲ್ಲಿರಿ. ಹಲವರ ಮನೆಯ ತೋಟ ಬದುಕಿರುವುದು ಆ ನೀರಿನಿಂದ. ಸುರಂಗ ತೋಡುವಲ್ಲಿ ಸಾಮಾನ್ಯವಾಗಿ ಒಬ್ಬ ಒಳಗೆ ಕೊರೆದರೆ ಇನ್ನೊಬ್ಬ ಮಣ್ಣನ್ನು ಹೊರಕ್ಕೆ ಸಾಗಿಸುತ್ತಾನೆ. ಒಳಗೆ ಉರಿಯುವ ದೀಪ ಮಂಕಾದರೆ ಉಸಿರಾಟಕ್ಕೆ ಗಾಳಿ ಸಾಲದೆಂದು ತಿಳಿದು ಹೊರಗೆ ಬರುತ್ತಾರೆ. ಶಿಕ್ಷಕನ ಕೆಲಸವೂ ಒಂಟಿಯಾಗಿ ಒಳಗೆ ಹೋಗುವ ಕೆಲಸ. ತರಗತಿಯ ಬಾಗಿಲು ಮುಚ್ಚಿದ ಮೇಲೆ ಒಳಗೆ ಏನು ನಡೆಯುತ್ತದೆಂದು ಬೇರೆ ಶಿಕ್ಷಕರಿಗೆ ತಿಳಿಯುವುದಿಲ್ಲ. ಹಾಗಾಗಿ ಆಗಾಗ ಕರೆದು ವಿಚಾರಿಸುವವರೊಬ್ಬರು ಹೊರಗೆ ಇರಬೇಕಾಗುತ್ತದೆ. ಮುಖ್ಯೋಪಾಧ್ಯಾಯಿನಿಯ ಕೆಲಸಗಳ ಪಟ್ಟಿಯಲ್ಲಿ ‘ಸಂಪೂರ್ಣ’ ತಂತ್ರಾಂಶಕ್ಕೆ ವಿವರ ತುಂಬುವುದು, ಬಿಸಿಯೂಟದ ಲೆಕ್ಕ, ಹಾಲು ಮೊಟ್ಟೆಯ ಲೆಕ್ಕ, ಕಟ್ಟಡದ ಸುರಕ್ಷತಾ ಪತ್ರ ಎಲ್ಲವೂ ಇವೆ. ಕರೆದು ವಿಚಾರಿಸುವುದು ಆ ಪಟ್ಟಿಯಲ್ಲಿಲ್ಲ. ಅದನ್ನು ನಾವೇ ಸೇರಿಸಿಕೊಳ್ಳಬೇಕಾಯಿತು.

ಆ ಬಳಿಕ ನಾವು ಮಾಡಿದುದು ದೊಡ್ಡ ಯೋಜನೆಗಳನ್ನೇನೂ ಅಲ್ಲ. ತಜ್ಞರನ್ನು ಕರೆಸಿ ಒತ್ತಡ ನಿವಾರಣೆಯ ಒಂದು ಶಿಬಿರ ನಡೆಸಿದೆವು. ಅದು ಒಂದು ಶನಿವಾರದ ರಜೆಯನ್ನು ನುಂಗಿತೆಂದು ಎಲ್ಲರೂ ಇನ್ನಷ್ಟು ದಣಿದರು. ಆಮೇಲೆ ಎರಡು ಸಣ್ಣ ಕ್ರಮಗಳನ್ನು ರೂಢಿಸಿದೆವು.

ಒಂದು, ಮಲೆಯಾಳದ ಸುತ್ತೋಲೆ, ತರಬೇತಿ ಟಿಪ್ಪಣಿಗಳ ಅನುವಾದವನ್ನು ಸರದಿಯಂತೆ ಹಂಚಿಕೊಂಡೆವು. ಒಬ್ಬರು ಮಾಡಿದ್ದನ್ನು ಎಲ್ಲರೂ ಬಳಸುತ್ತಾರೆ. ಮೊದಲು ಒಂಬತ್ತು ಮಂದಿ ಒಂದೇ ಕೆಲಸವನ್ನು ಒಂಬತ್ತು ಮನೆಗಳಲ್ಲಿ ರಾತ್ರಿ ಮಾಡುತ್ತಿದ್ದೆವೆಂಬುದು ಈಗ ನಗು ಬರಿಸುತ್ತದೆ.

ಎರಡು, ಶುಕ್ರವಾರ ಸಂಜೆ ಶಾಲೆ ಬಿಟ್ಟ ಮೇಲೆ ಅರ್ಧ ಗಂಟೆ ಕುಳಿತು ಪ್ರತಿಯೊಬ್ಬರೂ ಆ ವಾರದ ಒಂದು ಮಗುವಿನ ವಿಷಯವನ್ನು ಹೇಳಬೇಕೆಂದು ಮಾಡಿಕೊಂಡೆವು. ಸಂಖ್ಯೆ, ಅಂಕ, ಸುತ್ತೋಲೆಗಳ ಮಾತಿಲ್ಲ. ಒಂದು ಮಗು, ಅದು ಮಾಡಿದ ಒಂದು ಸಂಗತಿ. ಆರಂಭದ ವಾರಗಳಲ್ಲಿ ಹೇಳಲು ಏನೂ ಇಲ್ಲವೆಂದು ಹಲವರು ಸುಮ್ಮನಿದ್ದರು. ಸಂಗತಿಗಳು ಇರಲಿಲ್ಲವೆಂದಲ್ಲ, ಅವುಗಳನ್ನು ಗಮನಿಸುವ ಅಭ್ಯಾಸ ತಪ್ಪಿಹೋಗಿತ್ತು. ಸಂಗಾತಿಯ ಮಗಳು ಆಂಗ್ಲ ಮಾಧ್ಯಮದಲ್ಲಿ ಓದುವ ಮುಳ್ಳಿನ ಮಾತು ಮೊದಲ ಬಾರಿಗೆ ಬಾಯಿಂದ ಹೊರಬಂದುದೂ ಅಂತಹ ಒಂದು ಶುಕ್ರವಾರ. ಯಾರೂ ತೀರ್ಪು ಹೇಳಲಿಲ್ಲ. ಇನ್ನಿಬ್ಬರು ತಮ್ಮದೂ ಹಾಗೆಯೇ ಎಂದರು.

ಒಂದು ಶುಕ್ರವಾರದ ವಿಷಯವನ್ನು ಹೇಳಲೇಬೇಕು. ಗೇಟಿನ ಬಳಿ ಒಂದು ನಿಮಿಷ ನಿಲ್ಲುತ್ತಿದ್ದ ಶಿಕ್ಷಕಿ ಆ ವಾರ ಸ್ವಯಂ ನಿವೃತ್ತಿಯ ಅರ್ಜಿಯನ್ನು ಬರೆದು ಚೀಲದಲ್ಲಿಟ್ಟುಕೊಂಡಿದ್ದರು. ನಮಗೆ ಅದು ಗೊತ್ತಿರಲಿಲ್ಲ. ಅವರ ಸರದಿ ಬಂದಾಗ ಅವರು ಮೂರನೆಯ ತರಗತಿಯ ಒಬ್ಬ ಹುಡುಗಿಯ ವಿಷಯ ಹೇಳಿದರು. ಮನೆಯಲ್ಲಿ ತುಳು ಮಾತಾಡುವ ಮಗು. ಎರಡು ವರ್ಷ ತರಗತಿಯಲ್ಲಿ ಬಾಯಿ ತೆರೆದಿರಲಿಲ್ಲ. ಬುಧವಾರ ಅದರ ಅಜ್ಜಿ ಶಾಲೆಗೆ ಬಂದಿದ್ದರಂತೆ. ದೈವಸ್ಥಾನದ ಜಾತ್ರೆಯ ಆಮಂತ್ರಣ ಪತ್ರಿಕೆಯನ್ನು ಮನೆಗೆ ಯಾರೋ ಕೊಟ್ಟುಹೋಗಿದ್ದರು. ಓದಬಲ್ಲವರು ಕೆಲಸದಿಂದ ಬರುವ ತನಕ ಅದನ್ನು ಹಲಗೆಯ ಮೇಲೆ ಇಡುವುದು ಆ ಮನೆಯ ಕ್ರಮ. ಈ ಸಲ ಮಗು ಅದನ್ನು ತೆಗೆದುಕೊಂಡು, ತಿಥಿ ವಾರಗಳಿಂದ ಹಿಡಿದು ‘ಸರ್ವರಿಗೂ ಆದರದ ಸ್ವಾಗತ’ದ ತನಕ ಅಜ್ಜಿಗೆ ಓದಿ ಹೇಳಿತು, ಅರ್ಥವಾಗದ್ದನ್ನು ತುಳುವಿನಲ್ಲಿ ವಿವರಿಸಿತು. ಅಜ್ಜಿ ಮರುದಿನ ಒಂದು ಗೊನೆ ಕದಳಿ ಬಾಳೆಹಣ್ಣು ಹಿಡಿದು ಬಂದು, ‘ಇವಳಿಗೆ ಓದಲು ಬರುತ್ತದೆಂದು ನೀವು ನಮಗೆ ಹೇಳಲೇ ಇಲ್ಲವಲ್ಲ ಟೀಚರ್’ ಎಂದು ತುಳುವಿನಲ್ಲಿ ಗದರಿದರಂತೆ.

ಇದನ್ನು ಹೇಳುತ್ತಾ ಆ ಶಿಕ್ಷಕಿ ಅತ್ತರು, ಆಮೇಲೆ ನಕ್ಕರು. ಅರ್ಜಿಯ ವಿಷಯವನ್ನು ಅವರು ನಮಗೆ ತಿಳಿಸಿದುದು ತಿಂಗಳುಗಳ ಅನಂತರ. ಈ ಮಾತನ್ನು ಇಲ್ಲಿ ಹೇಳಲು ಅವರ ಅನುಮತಿ ಪಡೆದಿದ್ದೇವೆ. ಅವರ ಬಳಲಿಕೆಯೆಲ್ಲ ಆ ಬಾಳೆಗೊನೆಯಿಂದ ಮಾಯವಾಯಿತೆಂದು ಹೇಳಿದರೆ ಅದು ಕಟ್ಟುಕಥೆಯಾದೀತು. ಅವರು ವೈದ್ಯರ ಸಲಹೆಯನ್ನೂ ಪಡೆದರು, ಎರಡು ತಿಂಗಳು ರಜೆಯನ್ನೂ ಹಾಕಿದರು. ಆದರೆ ಹಿಂದಿರುಗಿ ಬರಲು ಅವರಿಗೆ ಒಂದು ಕಾರಣವಿತ್ತು.

ಗಡಿನಾಡಿನ ಕನ್ನಡ ಶಾಲೆಗಳ ಸಮಾರಂಭಗಳಲ್ಲಿ ಬರುವ ಅತಿಥಿಗಳು ‘ಕನ್ನಡ ಉಳಿದಿರುವುದು ನಿಮ್ಮಿಂದ’ ಎಂದು ಅಭಿಮಾನದಿಂದ ಹೇಳುತ್ತಾರೆ. ಅವರಿಗೆ ನಮ್ಮ ಕೃತಜ್ಞತೆಗಳು. ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣದ ಸೌಕರ್ಯ ಒದಗಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. ಅದಕ್ಕಾಗಿ ಹೋರಾಡಿದ ಹಿರಿಯರಿಂದಲೇ ನಾವು ಇಂದು ಇಲ್ಲಿದ್ದೇವೆ. ಆದರೆ ಒಂದು ಭಾಷೆಯ ಅಳಿವು ಉಳಿವಿನ ಭಾರವನ್ನೆಲ್ಲ ಒಂಬತ್ತು ಮಂದಿ ಶಿಕ್ಷಕರ ಹೆಗಲ ಮೇಲೆ ಇಟ್ಟರೆ ಅವರಿಗೆ ಬಲ ಬರುವುದಿಲ್ಲ, ಬೆನ್ನು ಬಾಗುತ್ತದೆ. ಒಬ್ಬ ಮನುಷ್ಯನಿಗೆ ಸೋಮವಾರ ಬೆಳಗ್ಗೆ ಕೆಲಸಕ್ಕೆ ಹೋಗಲು ಬೇಕಾದ ಉದ್ದೇಶ ಅಷ್ಟು ದೊಡ್ಡದಾಗಿರಬೇಕಾಗಿಲ್ಲ. ಒಂದು ಆಮಂತ್ರಣ ಪತ್ರಿಕೆಯಷ್ಟಿದ್ದರೆ ಸಾಕು. ಆ ಮಗು ಅಜ್ಜಿಗೆ ಓದಿ ಹೇಳಿದ ಸಂಜೆ ಕನ್ನಡವೂ ಉಳಿಯಿತು, ತುಳುವೂ ಉಳಿಯಿತು.

ಇಲ್ಲಿ ಕಯ್ಯಾರ ಕಿಞ್ಞಣ್ಣ ರೈಯವರನ್ನು ನೆನೆಯದಿದ್ದರೆ ಅಪಚಾರವಾದೀತು. 1915ರಲ್ಲಿ ಜನಿಸಿ ನೂರು ವರ್ಷ ತುಂಬಿ ಬಾಳಿದ ಅವರನ್ನು ನಾವು ಕವಿಯೆಂದು, ಗಡಿನಾಡ ಹೋರಾಟಗಾರರೆಂದು ಸ್ಮರಿಸುತ್ತೇವೆ. ಪೆರಡಾಲದ ಶಾಲೆಯಲ್ಲಿ ಅವರು ದೀರ್ಘಕಾಲ ಅಧ್ಯಾಪಕರಾಗಿದ್ದರು, ಆದರ್ಶ ಅಧ್ಯಾಪಕರೆಂದು ರಾಷ್ಟ್ರಮಟ್ಟದ ಮನ್ನಣೆಯನ್ನೂ ಪಡೆದರು. ಜೊತೆಗೆ ಅವರು ಕೃಷಿಕರೂ ಆಗಿದ್ದರು. ಶಾಲೆಯ ಆಚೆಗೆ ಅವರಿಗೆ ಮಣ್ಣಿತ್ತು, ಕಾವ್ಯವಿತ್ತು, ಜನರ ಒಡನಾಟವಿತ್ತು. ಒಬ್ಬ ಶಿಕ್ಷಕನ ಬದುಕು ಶಾಲೆಗಿಂತ ವಿಶಾಲವಾಗಿದ್ದಾಗ ಶಾಲೆಗೆ ನಷ್ಟವಾಗುತ್ತದೆಂದು ತಿಳಿಯಬಾರದು. ಸಂಜೆ ತಾಳಮದ್ದಳೆಗೆ ಹೋಗುವ, ತೋಟಕ್ಕೆ ನೀರು ಬಿಡುವ, ಹಾಡು ಕಲಿಯುವ ಸಹೋದ್ಯೋಗಿಗಳನ್ನು ನಾವು ಹಿಂದೆ ‘ಇವರಿಗೆ ಸಮಯ ಹೇಗೆ ಸಿಗುತ್ತದೆ’ ಎಂದು ವ್ಯಂಗ್ಯವಾಡಿದ್ದುಂಟು. ಆ ಮಾತನ್ನು ಈಗ ಹಿಂದಕ್ಕೆ ಪಡೆಯುತ್ತೇವೆ.

ಇನ್ನು ಕೆಲವು ವಿನಂತಿಗಳು.

ಹೆತ್ತವರಲ್ಲಿ: ಮಗುವಿನ ತೊಂದರೆಯನ್ನು ತಿಳಿಸಲು ತಾವು ತಪ್ಪದೆ ಕರೆ ಮಾಡುತ್ತೀರಿ. ಮಗು ಮನೆಯಲ್ಲಿ ಏನನ್ನಾದರೂ ಓದಿದರೆ, ಲೆಕ್ಕ ಮಾಡಿದರೆ, ಜಗಳ ಬಿಡಿಸಿದರೆ ಅದನ್ನೂ ಒಂದು ಸಲ ತಿಳಿಸಿರಿ. ಅಜ್ಜಿಯು ಬಾಳೆಗೊನೆಯೊಂದಿಗೆ ಬಂದು ಹೇಳದೆ ಇದ್ದಿದ್ದರೆ ನಮಗೆ ಆ ಸಂಗತಿ ಗೊತ್ತಾಗುತ್ತಿರಲಿಲ್ಲ. ರಾತ್ರಿ ಒಂಬತ್ತರ ಬಳಿಕ ತರಗತಿಯ ವಾಟ್ಸಾಪ್ ಗುಂಪಿನಲ್ಲಿ ಬರೆದ ಪ್ರಶ್ನೆಗೆ ಉತ್ತರ ಬೆಳಗ್ಗೆ ಬಂದರೆ ಅದನ್ನು ಉದಾಸೀನವೆಂದು ಭಾವಿಸಬೇಡಿರಿ.

ಹಳೆ ವಿದ್ಯಾರ್ಥಿಗಳಲ್ಲಿ: ಶತಮಾನೋತ್ಸವದ ನೆನಪಿಗೆ ಸ್ವಾಗತ ಗೋಪುರ, ರಂಗಮಂದಿರಗಳನ್ನು ಕಟ್ಟಿಸುವ ಉತ್ಸಾಹ ತಮ್ಮಲ್ಲಿದೆ. ಅದರ ಒಂದು ಪಾಲನ್ನು, ನೇಮಕವಾಗಿ ಅಂಗೀಕಾರಕ್ಕೆ ಕಾಯುತ್ತಿರುವ ಶಿಕ್ಷಕರಿಗೆ ತಿಂಗಳ ಖರ್ಚಿಗೆ ಒದಗುವ ಒಂದು ನಿಧಿಯಾಗಿ ಇರಿಸಬೇಕೆಂದು ಬೇಡುತ್ತೇವೆ. ಅದು ಸಾಲವಾಗಿಯೇ ಇರಲಿ. ಸಂಬಳ ಬಂದ ಮೇಲೆ ಅವರು ಮರಳಿಸುತ್ತಾರೆ. ಆ ನಿಧಿಗೆ ಕಲ್ಲಿನ ಫಲಕ ಬೇಕಾಗುವುದಿಲ್ಲ.

ವ್ಯವಸ್ಥಾಪಕರಲ್ಲಿ: ಕಡತಗಳು ಹಿಂದಕ್ಕೆ ಬಂದಾಗ ಅದೇ ವಾರ ಮರುತ್ತರ ಹೋಗುವಂತಾಗಲಿ. ಶಿಕ್ಷಕಿಯರ ಶೌಚಾಲಯಕ್ಕೆ ಬೇಸಿಗೆಯಲ್ಲಿ ನೀರಿನ ವ್ಯವಸ್ಥೆಯಾಗಲಿ. ಯೋಗಕ್ಷೇಮವೆಂಬ ದೊಡ್ಡ ಮಾತಿನೊಳಗೆ ಇಂತಹ ಸಣ್ಣ ಸಂಗತಿಗಳೂ ಸೇರಿವೆ.

ನಮ್ಮ ಸಹೋದ್ಯೋಗಿಗಳಲ್ಲಿ: ಬರುವ ಮೇ ತಿಂಗಳಿನಲ್ಲಿ 56 ತುಂಬಿ ನಾವು ನಿವೃತ್ತರಾಗಲಿದ್ದೇವೆ. ನಮ್ಮ ಪೀಳಿಗೆಯ ಹಲವರಂತೆ ನಮ್ಮದೂ ಶಾಲೆಗೆ ಸೇರಿಸುವಾಗ ಮಾಷ್ಟ್ರು ಬರೆದ ಮೇ ತಿಂಗಳ ಜನ್ಮದಿನ. ಯಾರು ಈ ಕುರ್ಚಿಯಲ್ಲಿ ಕುಳಿತರೂ ಶುಕ್ರವಾರದ ಅರ್ಧ ಗಂಟೆಯನ್ನು ಬಿಡಬೇಡಿರಿ. ಜೂನ್ ತಿಂಗಳ ಆರನೆಯ ದಿನ ಎಣಿಕೆ ಕಡಿಮೆ ಬಂದರೂ ಆ ಶುಕ್ರವಾರವೂ ಕುಳಿತುಕೊಳ್ಳಿರಿ.

ಕೊನೆಯದಾಗಿ ಒಂದು ಮಾತು. ಶೀಘ್ರದಲ್ಲಿಯೇ ಹೊರಬರಲಿರುವ ನಮ್ಮ ಸ್ಮರಣ ಸಂಚಿಕೆಯಲ್ಲಿ ನೂರು ವರ್ಷಗಳಲ್ಲಿ ಇಲ್ಲಿ ದುಡಿದ ಶಿಕ್ಷಕರ ಪಟ್ಟಿ ಇದೆ. ಆ ಪಟ್ಟಿಯನ್ನು ಸಂಬಳದ ಪುಸ್ತಕಗಳಿಂದ ತಯಾರಿಸಲಾಗಿತ್ತು. ಕರಡು ತಿದ್ದುವಾಗ, ಎಸಿಡಿಟಿಯೆಂದು ಚಹಾ ಬಿಟ್ಟ ಆ ತರುಣನ ಹೆಸರು ಅದರಲ್ಲಿ ಇಲ್ಲದಿರುವುದು ಕಂಡಿತು. ಇರುವುದಾದರೂ ಹೇಗೆ? ಅವರು ಇಲ್ಲಿಂದ ಒಂದು ರೂಪಾಯಿ ಸಂಬಳವನ್ನೂ ಪಡೆದಿರಲಿಲ್ಲ. ನಾವು ಹಳೆಯ ಹಾಜರಿ ಪುಸ್ತಕಗಳನ್ನು ತೆಗೆದೆವು. ಮೂರು ವರ್ಷಗಳ ಪ್ರತಿ ಪುಟದಲ್ಲಿಯೂ ಅವರ ಸಹಿಯಿತ್ತು. ಹಾಜರಿ ಪುಸ್ತಕಗಳನ್ನು ಆಧರಿಸಿ ಇಡೀ ಪಟ್ಟಿಯನ್ನು ಮತ್ತೊಮ್ಮೆ ಪರಿಶೀಲಿಸಿದಾಗ ಅವರೊಂದಿಗೆ ಇನ್ನೂ ನಾಲ್ವರ ಹೆಸರುಗಳು ದೊರೆತವು. ಐವರನ್ನೂ ಅವರವರ ವರ್ಷಗಳ ಸ್ಥಾನದಲ್ಲಿ ಸೇರಿಸಿದ್ದೇವೆ. ಸಂಚಿಕೆ ಕೈಗೆ ಬಂದಾಗ ತಾವು ಆ ಪಟ್ಟಿಯನ್ನು ಓದಬೇಕು. ತಮಗೆ ಕಲಿಸಿದವರ ಹೆಸರನ್ನು ಅಲ್ಲಿ ಕಂಡರೆ, ಅವರು ಈಗ ಎಲ್ಲಿದ್ದರೂ ಹುಡುಕಿ, ಒಂದು ಸಲ ಅವರ ಕ್ಷೇಮಸಮಾಚಾರವನ್ನು ವಿಚಾರಿಸಬೇಕು.